ಅಟ್ಟದಿಂದ ಇಳಿದ ಟಿ.ವಿ.

ಉಪ್ಪಿನಬೆಟಗೇರಿಯಂಥ ಊರಿನಲ್ಲಿ ಕೆಟ್ಟ ಟಿ.ವಿ.ಯನ್ನು ಯಾರೂ ತಟ್ಟನೆ ಎಸೆಯುವುದಿಲ್ಲ. ಮೊದಲು ಧಾರವಾಡದ ರಿಪೇರಿ ಅಂಗಡಿ ಕಾಣುತ್ತದೆ, ಆಮೇಲೆ ಅಟ್ಟ ಏರುತ್ತದೆ. ಓಣಿಯಲ್ಲಿ ಗುಜರಿಯವನ ಕೂಗು ಕೇಳಿದ ದಿನ ಕೆಳಗಿಳಿಯುತ್ತದೆ.

‘ಎಷ್ಟ ಕೊಡ್ತೀಯೋ ತಮ್ಮಾ?’

‘ತೂಕದ ಮ್ಯಾಲೆ ಅದರೀ ಅಕ್ಕಾರ.’

ಅಲ್ಲಿಗೆ ಮನೆಯವರ ಪಾಲಿಗೆ ಕಥೆ ಮುಗಿಯಿತು. ಟಿ.ವಿ.ಯ ಕಥೆ ಮುಗಿದಿಲ್ಲ. ಹಲವು ಕೈ ದಾಟಿ ಅದು ಬೆಂಗಳೂರನ್ನೂ ಸೇರಬಹುದು. ಅಲ್ಲಿ ಮೈಸೂರು ರಸ್ತೆಯ ಆಸುಪಾಸಿನಲ್ಲಿ, ಗೋರಿಪಾಳ್ಯ, ನಾಯಂಡಹಳ್ಳಿಗಳ ಇಕ್ಕಟ್ಟಿನ ಕೋಣೆಗಳಲ್ಲಿ ಹಳೆಯ ಕಂಪ್ಯೂಟರು, ಟಿ.ವಿ. ಬಿಚ್ಚುವ ಕೆಲಸ ಬಹಳ ಕಾಲದಿಂದ ನಡೆದುಬಂದಿದೆ. ಸುತ್ತಿಗೆ, ಉಳಿ, ಸ್ಕ್ರೂಡ್ರೈವರ್ ಇದ್ದರೆ ಸಾಕು. ಯಾವ ಬೋರ್ಡಿನಲ್ಲಿ ಏನು ಸಿಗುತ್ತದೆಂದು ಅವರು ನೋಡಿಯೇ ಹೇಳುತ್ತಾರೆ. ಯಾವ ಪಾಲಿಟೆಕ್ನಿಕ್ಕಿನಲ್ಲೂ ಇದನ್ನು ಕಲಿಸುವುದಿಲ್ಲ.

ಬಿಚ್ಚುವುದರಲ್ಲಿ ಅಪಾಯ ಕಡಿಮೆ. ಬೆಂಕಿ ಮತ್ತು ಆಮ್ಲದ ಹತ್ತಿರ ಹೋದಾಗ ಕೆಡುತ್ತದೆ. ತಂತಿ ಸುಟ್ಟರೆ ತಾಮ್ರ ಬೇಗ ಕೈಗೆ ಬರುತ್ತದೆ, ಜತೆಗೆ ಡಯಾಕ್ಸಿನ್ ಹೊಗೆಯೂ ಏಳುತ್ತದೆ. ಬೋರ್ಡು ಕಾಯಿಸಿದರೆ ಬೆಸುಗೆ ಕರಗುತ್ತದೆ. ಹಳೆಯ ಬೆಸುಗೆಯಲ್ಲಿ ಸುಮಾರು ಶೇ 37ರಷ್ಟು ಸೀಸ. ಚೂರು ಚಿನ್ನಕ್ಕಾಗಿ ಆಮ್ಲದಲ್ಲಿ ಅದ್ದಿ, ಉಳಿದದ್ದನ್ನು ಚರಂಡಿಗೆ ಸುರಿಯುತ್ತಾರೆ. ಕೆಲಸದ ಕೋಣೆಯೇ ಮನೆಯೂ ಆದಲ್ಲಿ ಅಂಬೆಗಾಲಿಡುವ ಮಗು ಅದೇ ನೆಲದ ಧೂಳಿನ ಕೈಯನ್ನು ಬಾಯಿಗಿಡುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಅದಕ್ಕಿಲ್ಲ. ಮುಂದೆ ಶಾಲೆಯಲ್ಲಿ ‘ಇವನ ತಲೆಗೆ ಏನೂ ಹತ್ತುವುದಿಲ್ಲ’ ಎಂದು ಬೈಸಿಕೊಳ್ಳುವ ಹುಡುಗನ ರಕ್ತ ಪರೀಕ್ಷೆ ಮಾಡಿಸುವವರು ಯಾರು?

ದಾಬಸ್‌ಪೇಟೆಯಲ್ಲಿ 2005ರಲ್ಲೇ ‘ಇ-ಪರಿಸರ’ ಎಂಬ ಅಧಿಕೃತ ಕಾರ್ಖಾನೆ ಆರಂಭವಾಯಿತು. 2012ರ ಮೇ ತಿಂಗಳಿನಿಂದ ಇ-ತ್ಯಾಜ್ಯಕ್ಕೆಂದೇ ನಿಯಮಗಳು ಜಾರಿಗೆ ಬಂದವು. ಇಂಥ ಕೆಲಸಗಾರರನ್ನು ಗುರುತಿಸಿ, ನೋಂದಾಯಿಸಿ, ತರಬೇತಿ ಕೊಟ್ಟು, ಆರೋಗ್ಯ ಕಾಯುವ ಹೊಣೆಯನ್ನು 2016ರ ನಿಯಮಗಳು ರಾಜ್ಯದ ಕಾರ್ಮಿಕ ಇಲಾಖೆಗೆ ವಹಿಸಿದವು. ಬರೆದದ್ದು ಚೆನ್ನಾಗಿಯೇ ಇದೆ. ಆದರೆ ದಾಳಿಗೆ ಹೆದರಿ ಬಾಗಿಲು ಹಾಕಿಕೊಂಡು ಕೂತವನು ನೋಂದಣಿಗೆ ಹೇಗೆ ಬಂದಾನು? ಒಂದು ಕೋಣೆಗೆ ಬೀಗ ಜಡಿದರೆ ಒಲೆ ಇನ್ನೊಂದು ಓಣಿಗೆ ಹೋಗುತ್ತದೆ, ಅಷ್ಟೇ.

ಸಂಗ್ರಹಿಸುವುದು, ಬಿಚ್ಚುವುದು ಅವನಿಗಿರಲಿ, ಬೋರ್ಡು ಇಡಿಯಾಗಿ ಕಾರ್ಖಾನೆಗೆ ಹೋಗಲಿ ಎನ್ನುವುದು ಒಪ್ಪುವ ಮಾತು. ಆದರೆ ಬೋರ್ಡಿಗೆ ಆಮ್ಲದಿಂದ ಸಿಗುವಷ್ಟಾದರೂ ಬೆಲೆ ಬರಬೇಕು, ಅದೂ ಅದೇ ಸಂಜೆ. ಮನೆಯಲ್ಲಿ ಅಕ್ಕಿ ತರಬೇಕಾದದ್ದು ಸಂಜೆಗೇ.