ನಷ್ಟದಲ್ಲೂ ಪಾಲು

ಹೂವಿನವಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ಸಾಲ ಕೊಟ್ಟಿದ್ದೆ. ಮನೆಯವರಿಗೆ ತಿಳಿಯದ ನನ್ನ ಗಂಟು ಅದು. ತಿಂಗಳು ತಿಂಗಳೂ ಬರುವ ಬಡ್ಡಿಯನ್ನು ಸಾಸಿವೆ ಡಬ್ಬಿಗೆ ಸೇರಿಸುವಾಗ ಎಳ್ಳಷ್ಟೂ ಅಳುಕಿರಲಿಲ್ಲ. ಅಳುಕು ಹುಟ್ಟಿದ್ದು ಮಗಳ ಬಾಣಂತನಕ್ಕೆಂದು ಇಂಡೋನೇಷ್ಯಾಕ್ಕೆ ಹೋದಾಗ.

ಮಗಳ ಮನೆ ಯೋಗ್ಯಕರ್ತಾದಲ್ಲಿ. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಪಕ್ಕದ ಮನೆಯಾಕೆ ನಮ್ಮನ್ನು ಕ್ಲಾಟೆನ್ ಜಿಲ್ಲೆಯ ಪೊಂಗ್ಗೊಕ್ ಎಂಬ ಹಳ್ಳಿಗೆ ಕರೆದೊಯ್ದರು. ಅಲ್ಲೊಂದು ಬುಗ್ಗೆಯ ಕೊಳ. ತಿಳಿನೀರಿನ ತಳದಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿ, ಅದರ ಮೇಲೆ ಕುಳಿತು ಹುಡುಗರು ಮೀನುಗಳ ನಡುವೆ ಫೋಟೊ ತೆಗೆಸಿಕೊಳ್ಳುತ್ತಿದ್ದರು! ಟಿಕೀಟಿನ ದುಡ್ಡು ಯಾವ ಸಾಹುಕಾರನ ಪೆಟ್ಟಿಗೆಗೂ ಹೋಗುವುದಿಲ್ಲವಂತೆ. 2009ರಲ್ಲಿ ಹಳ್ಳಿಯೇ ಕಟ್ಟಿಕೊಂಡ ‘ತಿರ್ತಾ ಮಂದಿರಿ’ ಎಂಬ ಉದ್ಯಮಕ್ಕೆ ಸೇರುತ್ತದೆ. ಊರಿನವರೂ ಅದರಲ್ಲಿ ಹಣ ಹೂಡಿ ಲಾಭದ ಪಾಲು ಪಡೆಯುತ್ತಾರೆ. ಇಂಥವನ್ನು ಅಲ್ಲಿ ‘ಬುಮ್‌ದೆಸ್’ ಎನ್ನುತ್ತಾರೆ. 2014ರ ಗ್ರಾಮ ಕಾನೂನು ಇವಕ್ಕೆ ಬಲ ತಂದಿತು. ಲೆಕ್ಕವನ್ನು ಊರಿನ ಸಭೆಗೆ ಒಪ್ಪಿಸಬೇಕು.

ಬುಮ್‌ದೆಸ್ ಧರ್ಮದ ಸಂಸ್ಥೆಯಲ್ಲ. ಆದರೂ ಕೆಲವು ಹಳ್ಳಿಗಳು ಇಸ್ಲಾಮಿನ ವ್ಯವಹಾರ ಪದ್ಧತಿಯನ್ನು ಅದಕ್ಕೆ ಅಳವಡಿಸಿಕೊಂಡಿವೆ. ವಾಪಸು ಬರುವಾಗ ಆಕೆ ‘ಮುದಾರಬಾ’ ಎಂದರೇನೆಂದು ವಿವರಿಸಿದರು. ನಡುವೆ ದುಭಾಷಿ ನನ್ನ ಮಗಳೇ.

“ನಮ್ಮಲ್ಲಿ ಬಡ್ಡಿ ನಿಷಿದ್ಧ. ಒಬ್ಬರದು ಹಣ, ಇನ್ನೊಬ್ಬರದು ದುಡಿಮೆ. ಲಾಭವನ್ನು ಮೊದಲೇ ಒಪ್ಪಿಕೊಂಡಂತೆ ಹಂಚಿಕೊಳ್ಳುವುದು. ದುಡಿದವರ ತಪ್ಪಿಲ್ಲದೆ ನಷ್ಟವಾದರೆ ಕೊಟ್ಟವರ ಹಣ ಹೋಯಿತು, ದುಡಿದವರ ಶ್ರಮ ಹೋಯಿತು.”

“ಬ್ಯಾಂಕುಗಳೂ ಹೀಗೇ ಮಾಡುತ್ತವೆಯೇ?”

“ಎಷ್ಟೋ ಸಲ ಅವು ವಸ್ತು ಕೊಂಡು, ಲಾಭ ಸೇರಿಸಿ, ಕಂತಿನ ಮೇಲೆ ಮಾರುತ್ತವೆ. ನಷ್ಟದಲ್ಲಿ ಪಾಲು ಯಾರಿಗೆ ಬೇಕು ಹೇಳಿ?” ಆಕೆ ನಕ್ಕರು.

ನನಗೆ ನಗು ಬರಲಿಲ್ಲ. ಹಿಂದೊಮ್ಮೆ ನಮ್ಮ ಅಂಗಡಿಗೆ ಮಳೆನೀರು ನುಗ್ಗಿ ಸಕ್ಕರೆ ಮೂಟೆಗಳೆಲ್ಲ ಕರಗಿದ್ದವು. ಸಾಲದ ಮೇಲಿನ ಬಡ್ಡಿ ಮಾತ್ರ ಕರಗಲಿಲ್ಲ. ತವರಿನ ಬಳೆಗಳು ಅದಕ್ಕೇ ಹೋದವು. ಅದನ್ನು ನೆನೆದು ಇವತ್ತಿಗೂ ಕಣ್ಣೊರೆಸಿಕೊಳ್ಳುವ ನಾನು, ಹೂವಿನವಳ ಹೂ ಬಾಡಿದ ದಿನಗಳನ್ನು ಒಮ್ಮೆಯಾದರೂ ಲೆಕ್ಕಕ್ಕೆ ಹಿಡಿದಿದ್ದೆನೇ?

ಊರಿಗೆ ಬಂದ ಮೇಲೆ ಅವಳನ್ನು ಕೂರಿಸಿಕೊಂಡು ಹೇಳಿದೆ: “ಇನ್ನು ಬಡ್ಡಿ ಬೇಡ. ಲಾಭವಾದರೆ ಅದರಲ್ಲಿ ನನಗೆ ಕಾಲುಪಾಲು ಕೊಡು. ನಷ್ಟವಾದರೆ ನನ್ನ ದುಡ್ಡಿನಲ್ಲಿ ಅಷ್ಟು ಕಳೆದುಕೋ.”

ಅವಳು ನನ್ನನ್ನೇ ನೋಡಿದಳು. “ನಾನು ದಿನಾ ನಷ್ಟ ಅಂದ್ರೆ ನಂಬ್ತೀರಾ ಅಕ್ಕಾವ್ರೇ?”

ಥಟ್ಟನೆ ಉತ್ತರ ಹೊಳೆಯಲಿಲ್ಲ. ಪೊಂಗ್ಗೊಕ್‌ನಲ್ಲಿ ಲೆಕ್ಕ ಕೇಳಲು ಇಡೀ ಊರಿದೆ. ನಮ್ಮಿಬ್ಬರ ನಡುವೆ ಯಾರಿದ್ದಾರೆ? ಕೊನೆಗೆ ಅಂಗಡಿಯಿಂದ ನೂರು ಪುಟದ ನೋಟುಬುಕ್ ತರಿಸಿದೆ. ಅವಳು ಹೇಳುತ್ತಾಳೆ, ಹೈಸ್ಕೂಲಿಗೆ ಹೋಗುವ ಅವಳ ಮಗಳು ಬರೆಯುತ್ತಾಳೆ, ನಾನು ಓದುತ್ತೇನೆ.

ಮೊದಲ ವಾರವೇ ಮಳೆ. ಪುಟದ ಕೊನೆಯಲ್ಲಿ ನಷ್ಟ ಎಂದು ಬರೆದಿತ್ತು. ಹೊಟ್ಟೆಯಲ್ಲಿ ಒಮ್ಮೆ ಚುರುಕ್ಕೆಂದಿತು, ಸುಳ್ಳೇಕೆ ಹೇಳಲಿ. ಆದರೂ ಅದರ ಕೆಳಗೆ ನನ್ನ ರುಜು ಹಾಕಿದೆ.