ಬೈತಖೋಲದಲ್ಲಿ ಒಂದು ಕಾರಿನ ಚಿಕಿತ್ಸೆ

ಕಾರವಾರವನ್ನು ಕುರಿತು ಬರೆಯುವವರು ರವೀಂದ್ರನಾಥ ಠಾಕೂರರಿಂದ ಆರಂಭಿಸುವುದು ವಾಡಿಕೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದುದೂ, ತರುಣ ಕವಿ ಇಲ್ಲಿಯ ಕಡಲನ್ನು ಕಂಡು ಮರುಳಾದುದೂ ನಿಜವೇ. ಆದರೆ ಅವರ ಹೆಸರು ಹೊತ್ತ ಮರಳದಂಡೆಯಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ಇರುವ ಬೈತಖೋಲದ ಕಡೆಗೆ ಪ್ರವಾಸಿಗರು ತಿರುಗುವುದು ಕಡಿಮೆ. ಮೀನಿನ ವಾಸನೆಗೆ ಅಂಜಿ ಮೂಗು ಮುಚ್ಚಿಕೊಂಡು ಮುಂದೆ ಸಾಗುತ್ತಾರೆ. ಅವರು ಕಳೆದುಕೊಳ್ಳುವುದು ಚಿಕ್ಕದೇನಲ್ಲ. ಹಿಂದೆ ಹಸಿರು ಗುಡ್ಡ, ಮುಂದೆ ಬಂದರು, ಅದರಾಚೆ ಮಂಜಿನಲ್ಲಿ ಮಸುಕಾದ ದ್ವೀಪಗಳು. ನೈಋತ್ಯದ ಅಲೆಗಳಿಗೆ ಬೆನ್ನು ಕೊಟ್ಟು ನಿಂತ ಗುಡ್ಡದ ಮರೆಯಲ್ಲಿ ನೀರು ಮಳೆಗಾಲದಲ್ಲಿಯೂ ತಕ್ಕಮಟ್ಟಿಗೆ ಶಾಂತವಾಗಿರುತ್ತದೆ. ಅರಬ್ಬೀ ನಾವಿಕರು ಇದನ್ನು ಅಭಯದ ಕೊಲ್ಲಿಯೆಂದು ಕರೆದುದರಿಂದಲೇ ಬೈತಖೋಲವೆಂಬ ಹೆಸರು ಬಂದಿತೆಂದು ಹೇಳುವುದುಂಟು.

ಹಡಗಿಗೆ ಅಭಯವೀಯುವ ಈ ಸ್ಥಳ ಕಬ್ಬಿಣಕ್ಕೆ ಮಾತ್ರ ಅಭಯವೀಯದು. ಕಿಟಕಿಯ ಸರಳು, ಬಾಗಿಲ ಚಿಲಕ, ಸೈಕಲ್ಲಿನ ಚೈನು, ಮಾಡಿನ ತಗಡು ಯಾವುದೂ ಇಲ್ಲಿ ತನ್ನ ಪೂರ್ಣಾಯುಷ್ಯವನ್ನು ಕಾಣುವುದಿಲ್ಲ. ಒಡೆದ ಅಲೆಯ ತುಂತುರು ಗಾಳಿಯಲ್ಲಿ ಆರಿ, ಕಣ್ಣಿಗೆ ಕಾಣದ ಉಪ್ಪಿನ ಹುಡಿಯಾಗಿ ಎಲ್ಲದರ ಮೇಲೂ ಕುಳಿತುಕೊಳ್ಳುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವ ಬಗೆಯನ್ನು ಮಳೆಗಾಲದಲ್ಲಿ ಅಡಿಗೆಮನೆಯ ಭರಣಿಯನ್ನು ತೆರೆದು ನೋಡಿದವರಿಗೆ ವಿವರಿಸಬೇಕಾಗಿಲ್ಲ. ತೇವಗೊಂಡ ಉಪ್ಪಿನಡಿಯಲ್ಲಿ ಕಬ್ಬಿಣವೂ ತಾಮ್ರವೂ ಒಂದನ್ನೊಂದು ಮುಟ್ಟಿಕೊಂಡಿದ್ದರಂತೂ ಅದೇ ಒಂದು ಪುಟ್ಟ ಬ್ಯಾಟರಿಯಾಗಿ, ಕಬ್ಬಿಣ ಕರಗತೊಡಗುತ್ತದೆ. ಇಂಗ್ಲೆಂಡಿನ ಹಂಫ್ರಿ ಡೇವಿ 1824ರಲ್ಲಿಯೇ ಈ ಗುಟ್ಟನ್ನು ಬಳಸಿಕೊಂಡು, ಹಡಗಿನ ತಳದ ತಾಮ್ರವನ್ನು ಉಳಿಸಲು ಅದಕ್ಕಿಂತ ಬೇಗ ಕರಗುವ ಬೇರೆ ಲೋಹದ ತುಂಡುಗಳನ್ನು ಜೋಡಿಸುವ ಉಪಾಯವನ್ನು ಕಂಡುಹಿಡಿದನು. ಇಂದಿಗೂ ಉಕ್ಕಿನ ಹಡಗುಗಳ ತಳಕ್ಕೆ ಸತುವಿನ ತುಂಡುಗಳನ್ನು ಬಿಗಿಯುವುದು ಇದೇ ಉದ್ದೇಶದಿಂದ.

ನಾವು ಬೈತಖೋಲಕ್ಕೆ ಹೋದುದು ಜುಲೈ ಕೊನೆಯ ವಾರದಲ್ಲಿ. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದುದರಿಂದ ಬಂದರಿನ ತುಂಬ ಬೋಟುಗಳು ಪಕ್ಕೆಗೆ ಪಕ್ಕೆ ತಾಗಿಸಿ ನಿಂತಿದ್ದವು. ಬಲೆ ಹೆಣೆಯುವವರು, ಬಣ್ಣ ಬಳಿಯುವವರು, ಇಂಜಿನ್ನಿನ ಹೊಟ್ಟೆ ಬಗೆದು ಕುಳಿತವರು, ಹೀಗೆ ಮದುವೆಮನೆಯ ಹಿಂದಿನ ದಿನದ ಗಡಿಬಿಡಿ ಎಲ್ಲೆಲ್ಲೂ. ನಮ್ಮ ಷಡ್ಡಕರ ಮನೆಯಲ್ಲಿ ಮಾತ್ರ ಸಂಭ್ರಮವಿರಲಿಲ್ಲ.

ಷಡ್ಡಕರು ನಿವೃತ್ತ ಮಾಸ್ತರರು. ಅವರ ತಾಯಿಗೆ ಎಪ್ಪತ್ತೆಂಟು ವರ್ಷ; ಹೃದಯದ ಚಿಕಿತ್ಸೆಗಾಗಿ ತಿಂಗಳಿಗೊಮ್ಮೆ ಗೋವೆಗೆ ಹೋಗಬೇಕು. ಕಾರವಾರದಲ್ಲಿಯೇ ವೈದ್ಯಕೀಯ ಕಾಲೇಜು ಇದ್ದರೂ ದೊಡ್ಡ ಕಾಯಿಲೆಗೆ ಗೋವೆ, ಮಣಿಪಾಲ, ಹುಬ್ಬಳ್ಳಿಗಳ ದಾರಿ ಹಿಡಿಯುವುದು ಈ ಜಿಲ್ಲೆಯವರಿಗೆ ತಪ್ಪಿಲ್ಲ. ಬೆಳಗಿನ ಐದು ಗಂಟೆಗೆ ಹೊರಟರೆ ಸರಿಯಾದ ಹೊತ್ತಿಗೆ ತಲುಪಬಹುದು. ಮನೆಯಲ್ಲಿರುವುದು ಹನ್ನೆರಡು ವರ್ಷದ ಒಂದು ಹಳೆಯ ಕಾರು. ಕೀಲಿ ತಿರುಗಿಸಿದರೆ ಒಮ್ಮೆ ಗರ್ಜಿಸಿ ಎದ್ದಿತು. ಇನ್ನೊಮ್ಮೆ ‘ಟಕ್’ ಎಂದು ಸುಮ್ಮನಾಯಿತು. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗದಂತೆ ಮತ್ತೆ ಹೊರಡುತ್ತಿತ್ತು. ಹಿಂದಿನ ತಿಂಗಳು ಹೀಗೆಯೇ ಹೊತ್ತು ಮೀರಿ, ತಾಯಿಯ ತಪಾಸಣೆ ತಪ್ಪಿಹೋಗಿತ್ತು. ಅದಕ್ಕಿಂತ ಕೆಟ್ಟದ್ದು ಅಂಕೋಲೆಯಿಂದ ಹಿಂದಿರುಗುವಾಗ ನಡೆಯಿತು. ಬಿಣಗಾದ ಕಡೆಯಿಂದ ಗುಡ್ಡ ಕೊರೆದ ಸುರಂಗದೊಳಗೆ ಕಾರು ಒಮ್ಮೆ ಕುಲುಕಿದ್ದೇ ತಡ, ದೀಪಗಳೆಲ್ಲ ಆರಿ, ಇಂಜಿನ್ನು ತೊದಲಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲವೂ ಮರಳಿ ಬಂದಿತು. ಹಿಂದಿದ್ದ ಲಾರಿಯವನ ಹಾರನ್ನು ಇನ್ನೂ ಕಿವಿಯಲ್ಲಿದೆ ಎಂದರು ಮಾಸ್ತರರು.

ಪೇಟೆಯ ಗ್ಯಾರೇಜೊಂದರವರು ಹೊಸ ಬ್ಯಾಟರಿ ಹಾಕಿ ಕಳುಹಿಸಿದ್ದರು. ನಾಲ್ಕು ದಿನ ಸುಖ; ಐದನೆಯ ದಿನ ಮತ್ತೆ ‘ಟಕ್’. ಈಗ ಸ್ಟಾರ್ಟರನ್ನೇ ಬದಲಿಸಬೇಕೆಂದು ಹೇಳಿದ್ದರು. ಮುಂದಿನ ಸೋಮವಾರ ಗೋವೆಗೆ ಹೋಗಬೇಕಾಗಿತ್ತು. ಮಾಸ್ತರರು ಕಾರನ್ನು ಬಂದ ಬೆಲೆಗೆ ಮಾರಿಬಿಡುವ ಯೋಚನೆಯಲ್ಲಿದ್ದರು. 2024ರ ಆಗಸ್ಟ್ 7ರ ನಡುರಾತ್ರಿ ಕಾಳೀ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಂದಿನಿಂದ ಅವರ ತಾಯಿಗೆ ಸೇತುವೆಯೆಂದರೆ ಮೊದಲೇ ಎದೆ ಡವಗುಟ್ಟುತ್ತಿತ್ತು. ಅದರ ನಟ್ಟನಡುವೆ ಕಾರು ನಿಂತುಬಿಟ್ಟರೆ?

ಆಗ ಮಾಸ್ತರರ ಹಳೆಯ ಶಿಷ್ಯನೊಬ್ಬ, ಬೋಟುಗಳ ಇಂಜಿನ್ ಮೇಸ್ತ್ರಿ, ಕೈಯ ಎಣ್ಣೆಯನ್ನು ಒರೆಸಿಕೊಳ್ಳುತ್ತಾ ಬಂದನು. ಕಾರು ಅವನನ್ನು ಕಂಡೊಡನೆ, ವೈದ್ಯರ ಮನೆಯ ಹೊಸಲು ತುಳಿದೊಡನೆ ಜ್ವರ ಬಿಟ್ಟ ರೋಗಿಯಂತೆ, ಏಳು ಸಲ ಕೀಲಿ ತಿರುಗಿಸಿದರೆ ಏಳು ಸಲವೂ ಎದ್ದಿತು. ಮೇಸ್ತ್ರಿಗೆ ಬೇಸರವಾಗಲಿಲ್ಲ. ಅವನು ಪಾನವನ್ನು ಕೈಗೆತ್ತಿಕೊಳ್ಳುವ ಮೊದಲು ಪ್ರಶ್ನೆಗಳನ್ನು ಕೇಳತೊಡಗಿದನು. ತಣ್ಣಗಿರುವಾಗಲೋ, ಓಡಿ ಬಿಸಿಯಾದ ಮೇಲೋ? ಮಳೆಯ ಮರುದಿನವೋ? ಕುಲುಕಿದಾಗಲೋ? ‘ಟಕ್’ ಎಂದಾಗ ಒಳಗಿನ ದೀಪ ಏನಾಗುತ್ತದೆ?

ಮಾಸ್ತರರಿಗೆ ಉತ್ತರ ತೋಚಲಿಲ್ಲ. ಜಗಲಿಯಲ್ಲಿ ಕುಳಿತಿದ್ದ ತಾಯಿ ಹೇಳಿದರು: “ದೀಪದ್ದು ನನಗೆ ಗೊತ್ತಿಲ್ಲ ಮಗಾ. ಆದರೆ ಪ್ರತಿ ಸಲವೂ ಕಾರಿನ ಗಡಿಯಾರ ಹನ್ನೆರಡಕ್ಕೆ ಹೋಗಿ ಕೂತಿರುತ್ತದೆ. ಮುಂದಿನ ಸೀಟಿನಲ್ಲಿ ಕೂತವಳಿಗೆ ಅದನ್ನಲ್ಲದೆ ನೋಡುವುದಕ್ಕೆ ಬೇರೆ ಏನಿದೆ?”

“ಅಮ್ಮ, ಅರ್ಧ ಕೆಲಸ ನೀವೇ ಮಾಡಿದಿರಿ,” ಎಂದನು ಮೇಸ್ತ್ರಿ.

ಅವನ ತರ್ಕ ಸರಳವಾಗಿತ್ತು. ಕೆಟ್ಟಿರುವುದು ಸ್ಟಾರ್ಟರೊಂದೇ ಆಗಿದ್ದರೆ ಗಡಿಯಾರ ಏಕೆ ದಿಕ್ಕು ತಪ್ಪಬೇಕು? ಸ್ಟಾರ್ಟರು, ದೀಪ, ಗಡಿಯಾರ ಮೂರಕ್ಕೂ ಒಮ್ಮೆಗೇ ವಿದ್ಯುತ್ತು ತಪ್ಪುತ್ತದೆಯೆಂದರೆ ಮೂರಕ್ಕೂ ಸಮಾನವಾದ ದಾರಿಯಲ್ಲಿ ಎಲ್ಲೋ ಕೊರತೆಯಿದೆ. ಬ್ಯಾಟರಿ ಹೊಸದು, ಮೀಟರ್ ಹಿಡಿದರೆ 12.6 ವೋಲ್ಟ್, ಅಂದರೆ ತುಂಬಿದ ಕೊಡ. ಉಳಿದುದು ಬ್ಯಾಟರಿಯ ಎರಡು ತುದಿಗಳು, ದಪ್ಪ ತಂತಿಗಳು, ಮೊದಲ ದೊಡ್ಡ ಫ್ಯೂಸು ಮತ್ತು ಅರ್ತ್. ಕಾರಿನಲ್ಲಿ ವಿದ್ಯುತ್ತು ಹೋಗುವುದು ತಂತಿಯಲ್ಲಾದರೂ ಹಿಂದಿರುಗುವುದು ಕಾರಿನ ಮೈಯ ಉಕ್ಕಿನ ಮೂಲಕ. ಆ ಮೈಯನ್ನು ಬ್ಯಾಟರಿಗೆ ಜೋಡಿಸುವ ತಂತಿಗೆ ನಮ್ಮ ಮೇಸ್ತ್ರಿಗಳು ಅರ್ತ್ ಎನ್ನುತ್ತಾರೆ. “ಅರ್ತ್ ಸರಿಯಿಲ್ಲದಿದ್ದರೆ ಯಾವುದಕ್ಕೂ ಅರ್ಥವಿಲ್ಲ, ಮಾಸ್ತರ್ರೇ,” ಎಂದು ಅವನು ನಕ್ಕನು. ಕನ್ನಡ ಕಲಿಸಿದ ಗುರುವಿಗೆ ಅದು ತಕ್ಕ ದಕ್ಷಿಣೆಯೇ.

ಆದರೂ ರೋಗ ಕಾಣಿಸಿಕೊಳ್ಳದೆ ಅವನು ಮದ್ದು ಕೊಡಲೊಪ್ಪಲಿಲ್ಲ. ಹೀಗೆ ಬಂದು ಹೋಗುವ ದೋಷವನ್ನು ಅದು ಬಂದಿರುವಾಗಲೇ ಹಿಡಿಯಬೇಕು. ಇಲ್ಲದಿದ್ದರೆ ಒಂದೊಂದೇ ಬಿಡಿಭಾಗವನ್ನು ಬದಲಿಸುತ್ತಾ ಕಾರಿನ ಬೆಲೆಯನ್ನೇ ಸುರಿಯಬೇಕಾಗುತ್ತದೆ. ಬಿಣಗಾದವರೆಗೆ ಓಡಿಸಿ ಬಂದೆವು. ಇಂಜಿನ್ನು ಬಿಸಿಯಾಗಿತ್ತು, ದಾರಿಯಲ್ಲಿ ಮಳೆಯೂ ಹಿಡಿದಿತ್ತು. ಅಂಗಳದಲ್ಲಿ ನಿಲ್ಲಿಸಿ, ಮುಂದಿನ ದೀಪಗಳನ್ನು ಹೊತ್ತಿಸಿ ಸೆಲ್ಫ್ ಹೊಡೆಯಲು ಹೇಳಿದನು. ‘ಟಕ್’! ಪಾಗಾರದ ಮೇಲೆ ಬಿದ್ದಿದ್ದ ಬೆಳಕು ಒಮ್ಮೆಗೇ ಮಾಯವಾಯಿತು. ಈ ಪರೀಕ್ಷೆಯನ್ನು ಕಾರಿರುವ ಯಾರೇ ಆದರೂ ಮಾಡಿ ನೋಡಬಹುದು. ಬೆಳಕು ನಿಧಾನವಾಗಿ ಕಂದಿ ‘ಟಕಟಕ’ ಎಂದರೆ ಬಹುಮಟ್ಟಿಗೆ ಬ್ಯಾಟರಿ ಸೋತಿದೆ. ಬೆಳಕು ಕದಲದೆ ಉರಿಯುತ್ತಿದ್ದು ಸ್ಟಾರ್ಟರು ಮಾತ್ರ ಸುಮ್ಮನಿದ್ದರೆ ಸ್ಟಾರ್ಟರನ್ನೋ ಅದರ ಸ್ವಿಚ್ಚನ್ನೋ ಸಂಶಯಿಸಬೇಕು. ಪೂರ್ತಿ ಕತ್ತಲಾದರೆ ಎಲ್ಲೋ ಕೀಲು ಸಡಿಲ.

ದೀಪ ಉರಿಸುವ ಕೀಲು ಸ್ಟಾರ್ಟರನ್ನೇಕೆ ತಿರುಗಿಸದು? ನಮಗೂ ಈ ಸಂದೇಹವಿತ್ತು. ಮೇಸ್ತ್ರಿ ಧಕ್ಕೆಯಿಂದ ಬೋಟಿಗೆ ಹಾಸಿದ ಹಲಗೆಯನ್ನು ತೋರಿಸಿದನು. ಮುರುಕು ಹಲಗೆಯ ಮೇಲೆ ಬೆಕ್ಕು ದಾಟಬಹುದು, ಮೀನಿನ ಬುಟ್ಟಿ ಹೊತ್ತವರು ದಾಟಲಾಗದು. ಜರ್ಮನಿಯ ಓಮ್ ಪಂಡಿತ 1827ರಲ್ಲಿ ಬರೆದಿಟ್ಟ ಸೂತ್ರವೂ ಇದನ್ನೇ ಹೇಳುತ್ತದೆ. ಕೀಲಿನಲ್ಲಿ ಓಮಿನ ಇಪ್ಪತ್ತರಲ್ಲೊಂದು ಭಾಗದಷ್ಟು ತಡೆಯಿದೆಯೆನ್ನೋಣ. ಅರ್ಧ ಆಂಪಿಯರ್ ಸಾಕೆನ್ನುವ ಪುಟ್ಟ ದೀಪಕ್ಕೆ ಅಲ್ಲಿ ಸೋರುವುದು ವೋಲ್ಟಿನ ನಲವತ್ತನೆಯ ಒಂದು ಪಾಲು, ಯಾರಿಗೂ ತಿಳಿಯದು. ಸ್ಟಾರ್ಟರು ಬೇಡುವ 150 ಆಂಪಿಯರನ್ನು ಅದೇ ಕೀಲಿನಲ್ಲಿ ಸಾಗಿಸಬೇಕಾದರೆ ಅಲ್ಲಿಯೇ 7.5 ವೋಲ್ಟ್ ಸೋರಿಹೋಗಬೇಕು. ಹನ್ನೆರಡರಲ್ಲಿ ಮತ್ತೆ ಉಳಿದುದೇನು? 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದ ಮೇಲೆ ಹ್ಯಾಂಡಲ್ ತಿರುವುವ ತೋಳಿನ ಶ್ರಮ ತಪ್ಪಿತು. ಆದರೆ ಆ ತೋಳಿನ ಕೆಲಸವನ್ನೆಲ್ಲ ತಂತಿಯ ಒಂದು ಕೀಲು ಹೊರಬೇಕಾಯಿತು. ಮುಂಜಾನೆ ಕಂಡಕ್ಟರನು ಬಸ್ಸಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುವುತ್ತಿದ್ದುದನ್ನು ಕಂಡ ಹಿರಿಯರಿಗೆ ಆ ಕೆಲಸದ ಭಾರ ಗೊತ್ತು.

ಮುಂದಿನದು ಬೇಗ ನಡೆಯಿತು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಇಂಜಿನ್ನಿನ ಮೈಗೂ ಹಿಡಿದು ಸೆಲ್ಫ್ ಹೊಡೆಸಿದನು. ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕಾದಲ್ಲಿ ನಾಲ್ಕು ವೋಲ್ಟ್ ತೋರಿಸಿತು. ಕಡ್ಡಿಯನ್ನು ಗೇಣುಗೇಣಾಗಿ ಸರಿಸುತ್ತಾ ಹೋದಂತೆ, ಬ್ಯಾಟರಿಯಿಂದ ಬಂದ ತಂತಿಯೂ ಇಂಜಿನ್ನಿನಿಂದ ಬಂದ ಪಟ್ಟಿಯೂ ಕಾರಿನ ಮೈಗೆ ಸೇರುವ ಒಂದೇ ಬೋಲ್ಟಿನ ಬಳಿ ಸೋರಿಕೆಯೆಲ್ಲ ಸಿಕ್ಕಿತು. ಮುಟ್ಟಿದರೆ ಅದು ಬಿಸಿಯಾಗಿತ್ತು. ಬ್ಯಾಟರಿಯ ತಟ್ಟೆಯ ಅಡಿಯಲ್ಲಿ, ಮೇಲಿನಿಂದ ನೋಡಿದರೆ ಕಾಣದ ಮೂಲೆ. ಮೀನಿನ ಲಾರಿಗಳಿಂದ ರಸ್ತೆಗೆ ಸೋರಿದ ಉಪ್ಪುನೀರು ಚಕ್ರದಿಂದ ಸಿಡಿಯುವ ಜಾಗ. ಬ್ಯಾಟರಿ ಬದಲಿಸಿದಾಗ ತಂತಿ ಅಲುಗಾಡಿ ನಾಲ್ಕು ದಿನ ಸುಖ ಸಿಕ್ಕಿದ್ದರ ಕಾರಣವೂ ಆಗ ತಿಳಿಯಿತು.

ಮೇಸ್ತ್ರಿ ಮೊದಲು ಋಣ ತುದಿಯನ್ನು ಕಳಚಿದನು. ಧನ ತುದಿಗೆ ಮೊದಲು ಕೈಹಾಕಿ ಪಾನ ಕಾರಿನ ಮೈಗೆ ತಗುಲಿದರೆ ಕಿಡಿ ಹಾರುತ್ತದೆ; ಜೋಡಿಸುವಾಗ ಇದಕ್ಕೆ ತಿರುವುಮುರುವು. ಬೋಲ್ಟು ಬಿಚ್ಚಿ ಬಂದಾಗ ತುಕ್ಕಿನ ಹುಡಿ ಉದುರಿತು. ತಂತಿಯ ಕರಿಯ ಹೊದಿಕೆಯನ್ನು ಸೀಳಿದರೆ ಒಳಗಿನ ತಾಮ್ರ ಪಾಚಿಯಂತೆ ಹಸಿರುಗಟ್ಟಿ, ಕೆಲವೇ ಎಳೆಗಳು ಉಳಿದಿದ್ದವು. ಎರಡನ್ನೂ ಹೊಸದಾಗಿ ಹಾಕಿ, ಕೂರುವ ಜಾಗವನ್ನು ಉಪ್ಪುಕಾಗದದಿಂದ ಉಕ್ಕು ಹೊಳೆಯುವಂತೆ ಉಜ್ಜಿದನು. ಉಪ್ಪು ಮಾಡಿದ್ದನ್ನು ಉಪ್ಪುಕಾಗದವೇ ಕಳೆಯಬೇಕಾಯಿತೆಂಬುದು ಮಾಸ್ತರರ ಟಿಪ್ಪಣಿ. ಬಿಗಿದ ಮೇಲೆ ಹೊರಗಿನಿಂದ ಗ್ರೀಸು ಮೆತ್ತಿದನು. ಬೋಟಿನ ಪ್ರತಿ ಕೀಲಿಗೂ ಮಳೆಗಾಲದಲ್ಲಿ ಹೀಗೆಯೇ ಮಾಡುತ್ತಾರಂತೆ. ದಡದ ಮೇಲಿನ ಗಾಡಿಗೆ ಯಾರೂ ಮಾಡುವುದಿಲ್ಲ. ಮತ್ತೆ ಅಳೆದಾಗ ಸೋರಿಕೆ ವೋಲ್ಟಿನ ಹತ್ತರಲ್ಲೆರಡು ಭಾಗ. ಇಂಜಿನ್ನು ಓಡುವಾಗ ಬ್ಯಾಟರಿಗೆ 14.2 ವೋಲ್ಟ್ ಬರುತ್ತಿತ್ತು. ಸ್ಟಾರ್ಟರನ್ನು ಅವನು ಮುಟ್ಟಲೇ ಇಲ್ಲ. ತಂತಿಯ ಹಣ ಮಾತ್ರ ತೆಗೆದುಕೊಂಡು, ಬೋಟು ಕಾಯುತ್ತಿದೆಯೆಂದು ಹೊರಟುಹೋದನು.

ಸೋಮವಾರ ಐದಕ್ಕೆ ಮೊದಲ ತಿರುವಿಗೇ ಕಾರು ಎದ್ದಿತು. ಸೇತುವೆ ದಾಟಿ, ಸದಾಶಿವಗಡದ ಗುಡ್ಡವನ್ನು ಹಿಂದೆ ಹಾಕಿ, ಮಾಜಾಳಿಯ ಗಡಿ ಕಳೆಯುವಾಗ ಮಳೆ ಜೋರಾಯಿತು. ತಾಯಿಯವರು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಅದು ಐದು ಗಂಟೆ ನಲವತ್ತು ನಿಮಿಷ ತೋರಿಸುತ್ತಿತ್ತು.