ನಳ ಬಿಟ್ಟು ಮಲಗಿದ ರಾತ್ರಿ

2019ರ ಜನವರಿ 30ರ ಮುಂಜಾನೆ. ಮಲ್ಲಸಮುದ್ರದ ಒಂದು ಮನೆಗೆ ಅಮೆರಿಕದ ಶಿಕಾಗೋದಿಂದ ಮಗನ ಫೋನು ಬಂತು. ಅಲ್ಲಿ ಆಗಿನ್ನೂ 29ರ ರಾತ್ರಿ. ಬೆಳಗಾಗುವುದರೊಳಗೆ ಉಷ್ಣತೆ ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ಲಕ್ಷಣವಿತ್ತು. ಮಗ ಬಾಡಿಗೆಗಿದ್ದುದು ಹಳೆಯ ಮನೆ. ಮೇಲಿನ ಕೋಣೆಗಳು ಬೆಚ್ಚಗಿದ್ದರೂ ನೆಲಮಾಳಿಗೆಗೆ ಕಾವಿನ ವ್ಯವಸ್ಥೆಯಿರಲಿಲ್ಲ. ನೀರಿನ ಕೊಳವೆಗಳೆಲ್ಲ ಅಲ್ಲಿಯ ಗೋಡೆಗುಂಟ ಹಾಯ್ದಿದ್ದವು. ಮನೆಯಲ್ಲಿ ಎರಡು ವರ್ಷದ ಕೂಸು. ಅಂಥ ಚಳಿಯಲ್ಲಿ ಕೊಳವೆ ಒಡೆದರೆ ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು?

"ರಾತ್ರಿಯೆಲ್ಲಾ ಅಡಿಗಿಮನಿ ನಳಾ ಸಣ್ಣಗ ಬಿಟ್ಟು ಮಲಗತೀವಿ, ಅವ್ವಾ" ಎಂದ.

ಅವ್ವನಿಗೆ ಸಿಟ್ಟು ಬಂತು. "ಇಲ್ಲಿ ನಳಾ ಬರೂ ದಿನಾ ಎಣಿಸಿ ಕೊಡಾ ತುಂಬಿದ ಮನ್ಯಾಗ ಬೆಳದಾಂವ ನೀ. ನೀರು ಚೆಲ್ಲಿ ಮಲಗತಿಯೇನೋ?"

ಸಿಟ್ಟು ನ್ಯಾಯವಾದದ್ದೇ. ಆದರೆ ಮಗನೂ ತಪ್ಪಿರಲಿಲ್ಲ. ತಣಿಯುತ್ತಿರುವ ನೀರು 4 ಡಿಗ್ರಿಯವರೆಗೆ ಕುಗ್ಗಿ, ಅಲ್ಲಿಂದ ಕೆಳಗೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆತುಬಿಡುವ ಸಂಗತಿ ಇದು. ಗಡ್ಡೆಯೇ ಹಿಗ್ಗಿ ಕೊಳವೆಯನ್ನು ಸೀಳುತ್ತದೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದಾಗ ಕಂಡದ್ದು ಬೇರೆ. ಗಡ್ಡೆ ಬಿರಡೆಯಂತೆ ಕುಳಿತು, ಬೆಳೆಯುತ್ತ, ಮುಂದಿನ ನೀರನ್ನು ಮುಚ್ಚಿದ ನಳದ ಕಡೆಗೆ ಒತ್ತುತ್ತದೆ. ಆ ನೀರಿಗೆ ಹೋಗಲು ದಾರಿಯಿಲ್ಲ. ಒತ್ತಡ ಏರಿ ಏರಿ, ಎಷ್ಟೋ ಸಲ ಗಡ್ಡೆಯೇ ಇಲ್ಲದ ಜಾಗದಲ್ಲಿ ಕೊಳವೆ ಬಿರಿಯುತ್ತದೆ. ನಳ ತೊಟ್ಟಿಕ್ಕುತ್ತಿದ್ದರೆ ಒತ್ತಡಕ್ಕೆ ಬಾಗಿಲು ತೆರೆದಂತೆ.

ಅವ್ವ ಇದನ್ನು ಅರ್ಧ ಕೇಳಿದಳು, ಅರ್ಧ ಬಿಟ್ಟಳು. ಅವಳ ತಲೆಯಲ್ಲಿ ಹಗೇವು ಕುಳಿತಿತ್ತು. ಜೋಳ ತುಂಬಿಡುತ್ತಿದ್ದ ಆ ನೆಲದೊಳಗಿನ ಕಣಜ ಮಾಗಿಯಲ್ಲೂ ಬೆಚ್ಚಗಿರುತ್ತಿತ್ತು. "ನೆಲದಾಗಿಂದು ತಂಪು ಆಗೂದಿಲ್ಲ ತಮ್ಮಾ, ಗಾಳಿ ಎಲ್ಲಿಂದ ಬರತೈತಿ ನೋಡು" ಎಂದಳು.

ಶಾಲೆ ಕಲಿಯದ ಅವ್ವನ ಈ ಮಾತು ಪಾಠದ ಪುಸ್ತಕಕ್ಕಿಂತ ನೇರವಾಗಿತ್ತು. ಮಣ್ಣು ಕಾವನ್ನು ಬೇಗ ಬಿಟ್ಟುಕೊಡುವುದಿಲ್ಲ. ಶಿಕಾಗೋದಲ್ಲೂ ಕೆಲವು ಮೀಟರ್ ಆಳದಲ್ಲಿ ನೆಲ ಹೆಪ್ಪುಗಟ್ಟದು. ಊರಿನ ದೊಡ್ಡ ಕೊಳವೆಗಳನ್ನು ಆಳದಲ್ಲಿ ಹೂಳುವುದು ಅದಕ್ಕಾಗಿಯೇ. ನೆಲಮಾಳಿಗೆಗೆ ಚಳಿ ನುಗ್ಗುವುದು ಹೆಚ್ಚಾಗಿ ನೆಲದ ಮಟ್ಟಕ್ಕಿಂತ ಮೇಲಿರುವ ಬಿರುಕು, ಕಿಟಕಿಗಳಿಂದ. ಮಗ ಊದಿನಕಡ್ಡಿ ಹಚ್ಚಿ ಗೋಡೆಗುಂಟ ಹಿಡಿದ. ಹಳೆಯ ಕಿಟಕಿಯ ಚೌಕಟ್ಟಿನ ಬಳಿ ಹೊಗೆ ಅಡ್ಡಡ್ಡ ಹಾರಿತು. ಬಿರುಕಿಗೆ ಬಟ್ಟೆ ತುರುಕಿ, ಊರಿಂದ ಒಯ್ದಿದ್ದ ಕೌದಿಯನ್ನು ಅಲ್ಲಿ ಬಡಿದ. ಕೊಳವೆಗಳಿಗೆ ಫೋಮಿನ ಕವಚ ಹಾಕಿದ. ಕೌದಿಯಾಗಲಿ ಕವಚವಾಗಲಿ ಕಾವನ್ನು ಹುಟ್ಟಿಸುವುದಿಲ್ಲ, ಇದ್ದ ಕಾವು ಓಡಿಹೋಗುವುದನ್ನು ತಡಮಾಡುತ್ತವೆ, ಅಷ್ಟೆ. ಆದ್ದರಿಂದ ಮೇಲಿನ ಬಿಸಿಗಾಳಿ ಇಳಿಯಲೆಂದು ನೆಲಮಾಳಿಗೆಯ ಬಾಗಿಲನ್ನೂ ತೆರೆದಿಟ್ಟ.

"ಒಂದು ಇದ್ದಲಿ ಒಲಿ ಇಟ್ಟರ?" ಎಂದು ಕೇಳಿದ.

"ಹಗೇವು ತಗದ ಕೂಡಲೆ ಯಾರರ ಇಳೀತಾರೇನು? ಒಲಿ ಗಿಲಿ ಬ್ಯಾಡ."

ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಉರಿಯುವ ಇದ್ದಲಿಯಿಂದ ಬರುವುದು ಇಂಗಾಲದ ಮಾನಾಕ್ಸೈಡ್. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅನಿಲ ಬೇರೆಯಾದರೂ ಎಚ್ಚರಿಕೆ ಒಂದೇ.

ಆ ಬೆಳಿಗ್ಗೆ ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಶೂನ್ಯಕ್ಕಿಂತ ಸುಮಾರು 31 ಡಿಗ್ರಿ ಕೆಳಗಿನ ಉಷ್ಣತೆ ದಾಖಲಾಯಿತು. ಮಲ್ಲಸಮುದ್ರದಲ್ಲಿ ದೀಪ ಹಚ್ಚುವ ಹೊತ್ತಿಗೆ ಫೋನು ಮತ್ತೆ ಬಂತು. ಎಲ್ಲ ನಳಗಳಲ್ಲೂ ನೀರು ಬರುತ್ತಿತ್ತು.

"ರಾತ್ರಿ ಸೋರಿದ ನೀರು ಏನ ಮಾಡಿದಿ?" ಅವ್ವನ ಮೊದಲ ಪ್ರಶ್ನೆ.

"ಬಕೀಟ ಇಟ್ಟಿದ್ದೆ, ಅವ್ವಾ. ಎರಡು ಸಲ ಎದ್ದು ಬದಲಿ ಮಾಡೀನಿ."

"ಹಂಗಾರ ಕೂಸಿನ ಅರಿವಿ ಒಗೀರಿ" ಎಂದು ಫೋನು ಇಟ್ಟಳು.